ಬಾಂದ್ರಾಕ್ಕೆ ಹೊರಡುವ ಮುನ್ನ ತಿಥಿ ನೋಡಿ

ಮುಂಬೈಗೆ ಹೋದವರು ಬಾಂದ್ರಾಕ್ಕೆಂದು ಅರ್ಧ ದಿನ ಎತ್ತಿಡುತ್ತಾರೆ. ಆ ಅರ್ಧ ದಿನದಲ್ಲಿ ಹೆಚ್ಚಿನ ಪಾಲು ಒಬ್ಬ ನಟನ ಮನೆಯ ಗೇಟಿನ ಮುಂದೆ ಕಳೆದುಹೋಗುತ್ತದೆ, ಉಳಿದದ್ದು ಟ್ರಾಫಿಕ್ಕಿನಲ್ಲಿ. ಕೊನೆಗೆ ಸಮುದ್ರದ ಕಟ್ಟೆಗೆ ಬಂದು ನಿಂತರೆ ನೀರು ಎಲ್ಲೋ ದೂರ ಸರಿದಿರುತ್ತದೆ. ಕಣ್ಣಿಗೆ ಕಪ್ಪು ಬಂಡೆ, ಮೂಗಿಗೆ ಕೆಸರಿನ ವಾಸನೆ. ಇಷ್ಟೇನಾ ಬಾಂದ್ರಾ ಅಂದುಕೊಂಡು ವಾಪಸಾದವರು ಬಹಳ ಮಂದಿ. ಊರಿನ ತಪ್ಪಲ್ಲ ಅದು, ಹೋದ ಹೊತ್ತಿನ ತಪ್ಪು. ಬಾಂದ್ರಾ ಸುತ್ತಾಟವನ್ನು ಸಮುದ್ರದ ಗಡಿಯಾರಕ್ಕೆ ಹೊಂದಿಸಿಕೊಳ್ಳಬೇಕು. ಆ ಗಡಿಯಾರ ನಮ್ಮ ಮನೆಯ ಗೋಡೆಯ ಕ್ಯಾಲೆಂಡರಿನಲ್ಲೇ ಇದೆ.

ಲೆಕ್ಕ ಸುಲಭ. ಮುಂಬೈ ತೀರದಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತಿನ ಹೊತ್ತಿಗಿಂತ ನಾಳೆಯದು ಹೆಚ್ಚುಕಡಿಮೆ 50 ನಿಮಿಷ ತಡ. ಹುಣ್ಣಿಮೆ, ಅಮಾವಾಸ್ಯೆಗಳಂದು ಇಲ್ಲಿ ಭರತ ಬರುವುದು ಮಧ್ಯಾಹ್ನ ಮತ್ತು ಮಧ್ಯರಾತ್ರಿ 12ರ ಆಸುಪಾಸಿನಲ್ಲಿ, ಇಳಿತ ಬೆಳಿಗ್ಗೆ ಮತ್ತು ಸಂಜೆ 6ರ ಹೊತ್ತಿಗೆ. ಅಷ್ಟಮಿಯ ಹೊತ್ತಿಗೆ ಇದು ತಿರುಗಾಮುರುಗಾ ಆಗಿ ಭರತ ಸಂಜೆಗೆ ಬರುತ್ತದೆ. ಅಂದರೆ ಕಟ್ಟೆಯ ಮೇಲೆ ಕೂತು, ಹತ್ತಿರದಲ್ಲೇ ಅಲೆಯ ಸದ್ದು ಕೇಳುತ್ತಾ ಸೂರ್ಯ ಮುಳುಗುವುದನ್ನು ನೋಡಬೇಕಿದ್ದರೆ ಷಷ್ಠಿಯಿಂದ ನವಮಿಯ ನಡುವಿನ ದಿನ ಆರಿಸಿ. ಯಾವ ಪಕ್ಷವಾದರೂ ಸರಿ. ಬಂಡೆಗಳ ನಡುವಿನ ಹೊಂಡ, ಏಡಿ, ಕಪ್ಪೆಚಿಪ್ಪು ನೋಡುವ ಆಸೆಯಿದ್ದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಅಕ್ಕಪಕ್ಕದ ದಿನಗಳ ಬೆಳಗು. ತಿಥಿಯಿಂದ ಸಿಗುವುದು ಅಂದಾಜು ಮಾತ್ರ. ಹೊರಡುವ ದಿನ ಮೊಬೈಲಿನಲ್ಲಿ ಮುಂಬೈ ಭರತದ ನಿಖರ ಸಮಯ ನೋಡಿಕೊಳ್ಳುವುದು ಒಳ್ಳೆಯದು. ಸೂರ್ಯಾಸ್ತವೂ ವರ್ಷವಿಡೀ ಒಂದೇ ಹೊತ್ತಿಗಲ್ಲ. ಡಿಸೆಂಬರ್ ಆರಂಭದಲ್ಲಿ 6 ಗಂಟೆಗೇ ಮುಳುಗಿದರೆ ಜೂನ್ ಕೊನೆಗೆ 7.20ರವರೆಗೆ ಬೆಳಕಿರುತ್ತದೆ.

ಇದೇ ಲೆಕ್ಕದಲ್ಲಿ ಪ್ರಾಣಕ್ಕೆ ಸಂಬಂಧಪಟ್ಟ ಮಾತೂ ಇದೆ. ಇಳಿತದ ಸಂಜೆ ಬಾಂದ್ರಾದ ಕಡಲದಂಡೆ ಬ್ಯಾಂಡ್‌ಸ್ಟ್ಯಾಂಡಿನ ಬಂಡೆಗಳ ಮೇಲೆ ಜೋಡಿಗಳು, ಫೋಟೋ ತೆಗೆಯುವವರು ತುದಿಯವರೆಗೂ ಹೋಗಿ ಕೂರುತ್ತಾರೆ. ನೀರು ತಗ್ಗಿನಿಂದ ತುಂಬಲು ಸುಮಾರು ಆರು ಗಂಟೆ ಬೇಕು, ಆದರೆ ಏರುವುದು ಒಂದೇ ಸಮನಾಗಿ ಅಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ತಲಾ 3, ಆಮೇಲೆ 2, ಕೊನೆಗೆ 1. ದೊಡ್ಡ ಭರತದ ದಿನ ಏರಿಳಿತದ ಅಂತರ ಸುಮಾರು 4 ಮೀಟರ್ ಎಂದಿಟ್ಟುಕೊಳ್ಳಿ. ಸಂಜೆ 6ಕ್ಕೆ ಕೂತವರಿಗೆ 7 ಗಂಟೆಯವರೆಗೆ ಏನೂ ಆಗಿಲ್ಲ ಅನ್ನಿಸುತ್ತದೆ. 8ರಿಂದ 9ರೊಳಗೆ ನೀರು ಆಳೆತ್ತರದ ಅರ್ಧಕ್ಕಿಂತ ಹೆಚ್ಚು ಏರಿಬಿಡುತ್ತದೆ, ಅದೂ ಕತ್ತಲೆಯಲ್ಲಿ. ಇನ್ನೊಂದು ವಿಷಯ ಯಾರೂ ಗಮನಿಸುವುದಿಲ್ಲ. ನೀವು ಕೂತ ಬಂಡೆ ಎತ್ತರದಲ್ಲಿರುತ್ತದೆ, ನಿಮ್ಮ ಮತ್ತು ಕಟ್ಟೆಯ ನಡುವಿನ ಓಣಿ ತಗ್ಗಿನಲ್ಲಿರುತ್ತದೆ. ನೀರು ಮೊದಲು ತುಂಬುವುದು ಹಿಂದಿನ ಆ ಓಣಿಯನ್ನು. ಕಾಲ ಬುಡಕ್ಕೆ ಅಲೆ ಬಂದಾಗ ಎದ್ದರೆ ವಾಪಸ್ ದಾರಿ ಮುಚ್ಚಿರುತ್ತದೆ. ಬಂಡೆಯ ಮೇಲೆ ಹಸಿರು ಪಾಚಿ ಕಟ್ಟಿರುವ ಗೆರೆ ಕಾಣುತ್ತದಲ್ಲ, ನೀರು ನಿತ್ಯ ಅಲ್ಲಿಯವರೆಗೆ ಬರುತ್ತದೆ ಅನ್ನುವುದಕ್ಕೆ ಅದೇ ಗುರುತು. ಆ ಗೆರೆಯಿಂದ ಕೆಳಗೆ ಇಳಿಯಬೇಡಿ. ಮಳೆಗಾಲದಲ್ಲಂತೂ ಕಟ್ಟೆ ದಾಟಲೇಬೇಡಿ. ಇಲ್ಲಿ ಅಲೆ ಎಳೆದುಕೊಂಡು ಹೋದ ಜೀವಗಳು ಒಂದೆರಡಲ್ಲ.

ಈಜುವ ಯೋಚನೆ ಇದ್ದರೆ ಅದನ್ನೂ ಇಲ್ಲೇ ಬಿಟ್ಟುಬಿಡಿ. ಮರಳಿನ ದಂಡೆ ಬೇಕಿದ್ದರೆ ಉತ್ತರಕ್ಕಿರುವ ಜುಹುಗೆ ಹೋಗಬೇಕು. ಬಾಂದ್ರಾದ ತೀರ ಕಪ್ಪು ಬಸಾಲ್ಟ್ ಬಂಡೆಗಳದ್ದು, ಕಾರ್ಟರ್ ರೋಡ್ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನದ್ದು. ನಗರದ ಕೊಳಚೆಯನ್ನೆಲ್ಲ ಹೊತ್ತುಕೊಂಡು ಮಿಠಿ ನದಿ ಪಕ್ಕದ ಮಾಹಿಮ್ ಕೊಲ್ಲಿಗೇ ಸೇರುತ್ತದೆ. ನೀರಿಗಿಳಿಯುವ ಜಾಗ ಇದಲ್ಲ.

ಇನ್ನು ತಲುಪುವ ವಿಚಾರ. ಮೊದಲ ಎಡವಟ್ಟು ಆಗುವುದೇ ಪೂರ್ವ, ಪಶ್ಚಿಮದಲ್ಲಿ. ರೈಲು ಹಳಿಯ ಪಶ್ಚಿಮಕ್ಕಿರುವುದು ಸಮುದ್ರ, ಚರ್ಚು, ಮಾರುಕಟ್ಟೆ, ಓಡಾಡುವ ಬಾಂದ್ರಾ. ಪೂರ್ವಕ್ಕಿರುವುದು ಬಿಕೆಸಿ, ಅಂದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಗಾಜಿನ ಕಟ್ಟಡಗಳು, ಸರ್ಕಾರಿ ಕಾಲೊನಿ, ಜೊತೆಗೆ ದೂರದೂರಿನ ರೈಲುಗಳ ಬಾಂದ್ರಾ ಟರ್ಮಿನಸ್. ಈ ಟರ್ಮಿನಸ್ಸೂ ಲೋಕಲ್ ನಿಲ್ಲುವ ಬಾಂದ್ರಾ ನಿಲ್ದಾಣವೂ ಒಂದೇ ಅಲ್ಲ. ಸಾಮಾನು ಹಿಡಿದು ಒಂದರಿಂದ ಇನ್ನೊಂದಕ್ಕೆ ನಡೆಯುವ ಸಾಹಸ ಬೇಡ, ಆಟೋ ಹಿಡಿಯಿರಿ. ಹೊಸ ಮೆಟ್ರೋ 3ನೇ ಮಾರ್ಗದ ಬಿಕೆಸಿ, ಬಾಂದ್ರಾ ಕಾಲೊನಿ ನಿಲ್ದಾಣಗಳೂ ಪೂರ್ವದಲ್ಲೇ ಇವೆ. ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳಿಂದ ಆ ಮೆಟ್ರೋ ಹತ್ತಬಹುದು, ಆದರೆ ಇಳಿದ ಮೇಲೆ ಸಮುದ್ರದ ಕಡೆಗೆ ಆಟೋ ಬೇಕೇ ಬೇಕು. ಬೋರ್ಡಿನಲ್ಲಿ ಮರಾಠಿಯಲ್ಲಿ ‘ವಾಂದ್ರೆ’ ಎಂದಿರುತ್ತದೆ, ಗಾಬರಿ ಬೇಡ, ಊರು ಅದೇ.

ಬೆಂಗಳೂರು ಕಡೆಯಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರುವವರು ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ ಪಶ್ಚಿಮ ರೈಲ್ವೆಯ ಪ್ಲಾಟ್‌ಫಾರ್ಮಿಗೆ ಬಂದರೆ ಸ್ಲೋ ಲೋಕಲ್‌ನಲ್ಲಿ ಮಾಟುಂಗಾ ರೋಡ್, ಮಾಹಿಮ್ ದಾಟಿ ಮೂರನೆಯದೇ ಬಾಂದ್ರಾ. ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ (ಸಿಎಸ್‌ಎಂಟಿ) ಕಡೆಯಿಂದಾದರೆ ಹಾರ್ಬರ್ ಮಾರ್ಗದ ಗೋರೆಗಾಂವ್ ಗಾಡಿ ನೇರವಾಗಿ ಬಾಂದ್ರಾಕ್ಕೆ ಬರುತ್ತದೆ, ಬದಲಾಯಿಸುವ ತಾಪತ್ರಯವಿಲ್ಲ. ಮಂಗಳೂರಿನಿಂದ ಮತ್ಸ್ಯಗಂಧದಲ್ಲಿ ಬಂದು ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಇಳಿದವರಿಗೆ ಆಟೋವೇ ಸುಲಭ. ಚರ್ಚ್‌ಗೇಟ್ ಕಡೆಯಿಂದ ಬರುವವರಿಗೆ ಫಾಸ್ಟ್ ಗಾಡಿಯೂ ಬಾಂದ್ರಾದಲ್ಲಿ ನಿಲ್ಲುತ್ತದೆ. ಆದರೆ ಸಂಜೆ ಐದೂವರೆಯಿಂದ ಎಂಟೂವರೆಯ ನಡುವೆ ವಿರಾರ್ ಫಾಸ್ಟ್ ಮಾತ್ರ ಹತ್ತಬೇಡಿ. ಬಾಗಿಲ ಬಳಿ ನಿಂತವರೆಲ್ಲ ಒಂದು ಗಂಟೆಗೂ ಹೆಚ್ಚು ದೂರ ಹೋಗುವವರು. ಅವರ ನಡುವೆ ನುಸುಳಿ ಬಾಂದ್ರಾದಲ್ಲಿ ಇಳಿಯುವುದು ಆಗದ ಮಾತು. ಅಂಧೇರಿ ಅಥವಾ ಬಾಂದ್ರಾ ಸ್ಲೋ ಕಾದು ಹತ್ತಿ. ಮೊಬೈಲ್ ಟಿಕೆಟ್ ತೆಗೆಯುವುದಿದ್ದರೆ ನಿಲ್ದಾಣದ ಒಳಗೆ ಕಾಲಿಡುವ ಮುಂಚೆ ತೆಗೆಯಬೇಕು, ಪ್ಲಾಟ್‌ಫಾರ್ಮಿನಲ್ಲಿ ನಿಂತು ತೆಗೆಯಲು ಆ್ಯಪ್ ಬಿಡುವುದಿಲ್ಲ. ಭಾನುವಾರ ಹಳಿ ದುರಸ್ತಿಗಾಗಿ ಬ್ಲಾಕ್ ಇರುವುದುಂಟು. ಆ ದಿನ ಹಾರ್ಬರ್ ಮಾರ್ಗವನ್ನೇ ನಂಬಿ ಹೊರಟವರು ಹಿಂದಿನ ದಿನವೇ ಸುದ್ದಿ ನೋಡಿಕೊಂಡಿರಬೇಕು.

ಆಟೋ ವಿಷಯದಲ್ಲಿ ನೆನಪಿಡಬೇಕಾದ ಗಡಿಯೊಂದಿದೆ. ಬಾಂದ್ರಾದ ದಕ್ಷಿಣಕ್ಕೆ ಮಾಹಿಮ್ ಖಾರಿ, ಅಂದರೆ ಸಮುದ್ರದ ನೀರು ಒಳಬರುವ ಕಿರಿದಾದ ಕಾಲುವೆ. ಅದರಾಚೆಯ ದ್ವೀಪನಗರಕ್ಕೆ ಆಟೋ ಹೋಗುವಂತಿಲ್ಲ, ಅಲ್ಲಿ ಟ್ಯಾಕ್ಸಿಯೇ ಗತಿ. ಈ ಖಾರಿಯೇ ಹಿಂದೆ ಮುಂಬೈಯನ್ನೂ ಬಾಂದ್ರಾವನ್ನೂ ಬೇರೆ ಮಾಡಿತ್ತು. ದೋಣಿಯಲ್ಲಿ ದಾಟಬೇಕಾಗಿದ್ದ ಕಾಲದಲ್ಲಿ ಪಾರ್ಸಿ ಮನೆತನದ ಆವಾಬಾಯಿ ಜಮ್ಷೆಟ್‌ಜಿ ಜೀಜೀಭಾಯ್ 1,57,000 ರೂಪಾಯಿ ಕೊಟ್ಟು ಮಾಹಿಮ್ ಕಾಸ್‌ವೇ ಎಂಬ ಏರಿರಸ್ತೆ ಕಟ್ಟಿಸಿದರು, ಅದು 1845ರಲ್ಲಿ ತೆರೆಯಿತು. ದಾಟುವವರಿಂದ ಸುಂಕ ವಸೂಲಿ ಮಾಡಕೂಡದು ಎಂಬುದು ಅವರ ಷರತ್ತು. ಬಾಂದ್ರಾಕ್ಕೆ 1876ರಿಂದ ತನ್ನದೇ ಪುರಸಭೆಯಿತ್ತು, ಮುಂಬೈಗೆ ಸೇರಿದ್ದು 1950ರಲ್ಲಿ. ಊರು ಇವತ್ತಿಗೂ ತನ್ನದೇ ಲಯ ಉಳಿಸಿಕೊಂಡಿರುವುದಕ್ಕೆ ಈ ದೂರವೂ ಒಂದು ಕಾರಣ ಅನ್ನಿಸುತ್ತದೆ.

ಆಟೋದವರು ಇಲ್ಲಿ ಮೀಟರ್ ಹಾಕಿಯೇ ಓಡಿಸುತ್ತಾರೆ. 2025ರ ಫೆಬ್ರವರಿಯಿಂದ ಮೊದಲ ಒಂದೂವರೆ ಕಿಲೋಮೀಟರ್‌ಗೆ 26 ರೂಪಾಯಿ, ಕಪ್ಪು-ಹಳದಿ ಟ್ಯಾಕ್ಸಿಗೆ 31. ಮಧ್ಯರಾತ್ರಿಯಿಂದ ಬೆಳಿಗ್ಗೆ 5ರವರೆಗೆ ಕಾಲುಪಾಲು ಹೆಚ್ಚು. ಚೌಕಾಸಿ ಬೇಕಾಗಿಲ್ಲ, ಆದರೆ ಹತ್ತಿರದ ದಾರಿ ಅಂದರೆ ಒಲ್ಲೆ ಅನ್ನುವವರಿದ್ದಾರೆ. ನಿಲ್ದಾಣದ ಬಾಗಿಲಲ್ಲೇ ಕೇಳುವ ಬದಲು ನೂರಿನ್ನೂರು ಹೆಜ್ಜೆ ಮುಂದೆ ನಡೆದು, ಪ್ರಯಾಣಿಕರನ್ನು ಇಳಿಸುತ್ತಿರುವ ಆಟೋ ಹಿಡಿದರೆ ಬೇಗ ಸಿಗುತ್ತದೆ. ಪಶ್ಚಿಮದ ಬಾಗಿಲಿನಿಂದ ಬ್ಯಾಂಡ್‌ಸ್ಟ್ಯಾಂಡಿಗೆ ‘ಬೆಸ್ಟ್’ ಸಂಸ್ಥೆಯ ನಗರ ಬಸ್ಸೂ ಇದೆ. ಹೊರಗೆ ಬಂದಮೇಲೆ ಒಮ್ಮೆ ತಿರುಗಿ ನಿಲ್ದಾಣದ ಕಟ್ಟಡ ನೋಡಿ. 1888ರ ಕಟ್ಟಡ ಅದು, ಇಳಿಜಾರು ಸೂರು, ಗೋಪುರ ಎಲ್ಲ ಇವೆ. ಕೆಳಗಿನ ಜಂಗುಳಿಯಲ್ಲಿ ಅದರ ಚೆಲುವು ಯಾರ ಕಣ್ಣಿಗೂ ಬೀಳುವುದಿಲ್ಲ.

ನಡೆಯುವ ದಾರಿಯನ್ನು ಗುಡ್ಡದಿಂದ ಸಮುದ್ರಕ್ಕೆ, ಅಲ್ಲಿಂದ ಉತ್ತರಕ್ಕೆ ಇಟ್ಟುಕೊಳ್ಳಿ. ತಿರುಗಿಸಿ ಹೊರಟರೆ ಮಧ್ಯಾಹ್ನದ ಬಿಸಿಲಲ್ಲಿ ಏರು ಹತ್ತಬೇಕಾಗುತ್ತದೆ. ಮೂರು ಗಂಟೆ ಸುಮಾರಿಗೆ ಆಟೋದಲ್ಲಿ ನೇರ ಗುಡ್ಡದ ಮೇಲಿನ ಮೌಂಟ್ ಮೇರಿ ಚರ್ಚಿಗೆ ಹೋಗಿ. ಈಗಿನ ಚರ್ಚ್ 1904ರದ್ದು, ಒಳಗಿನ ಮೇರಿ ಮಾತೆಯ ಮೂರ್ತಿ ಅದಕ್ಕಿಂತ ಬಹಳ ಹಳೆಯದು. ಮೀನುಗಾರ ಕೋಲಿ ಸಮುದಾಯದವರು ಈ ತಾಯಿಯನ್ನು ‘ಮೋತ್ ಮಾವುಲಿ’ ಎನ್ನುತ್ತಾರೆ. ಜಾತಿಮತ ನೋಡದೆ ಎಲ್ಲರೂ ಬರುವ ಜಾಗ. ಹೊರಗಿನ ಅಂಗಡಿಗಳಲ್ಲಿ ಮೇಣದಿಂದ ಮಾಡಿದ ಕೈ, ಕಾಲು, ತೊಟ್ಟಿಲ ಮಗು, ಪುಟ್ಟ ಮನೆ ಸಾಲಾಗಿ ಜೋಡಿಸಿರುತ್ತಾರೆ. ಯಾವ ಅಂಗಕ್ಕೆ ನೋವೋ ಆ ಆಕಾರದ ಮೇಣವನ್ನು ಅರ್ಪಿಸುವುದು ರೂಢಿ. ನಮ್ಮಲ್ಲಿ ಬೆಳ್ಳಿಯ ಕಣ್ಣು, ಕಾಲು ಹರಕೆ ಒಪ್ಪಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಗೆ ನೆನಪಿಗೆಂದು ಮೇಣದ ಗೊಂಬೆ ಕೊಂಡರೆ ಬ್ಯಾಗಿನ ತಳಕ್ಕೆ ಹಾಕಬೇಡಿ, ಮುಂಬೈ ಸೆಕೆಗೆ ಮೆತ್ತಗಾಗಿ ಬೆರಳು ಮೊದಲು ಮುರಿಯುತ್ತವೆ. ಎದುರಿನ ರಸ್ತೆ ದಾಟಿ ಮೆಟ್ಟಿಲೇರಿದರೆ ಫಾತಿಮಾ ಮಾತೆಯ ಗುಡಿಯಿದೆ.

ಸೆಪ್ಟೆಂಬರ್ 8ರ ನಂತರದ ಭಾನುವಾರದಿಂದ ಎಂಟು ದಿನ ಇಲ್ಲಿ ಬಾಂದ್ರಾ ಜಾತ್ರೆ. ಜಾತ್ರೆ ನೋಡಲೆಂದೇ ಹೋಗುವವರು ಹೋಗಲಿ, ಚೆಂದವೇ. ಊರು ನೋಡಲು ಹೋಗುವವರು ಆ ವಾರ ಬಿಡುವುದು ಲೇಸು. ಗುಡ್ಡದ ರಸ್ತೆಗಳಿಗೆ ವಾಹನ ಬಿಡುವುದಿಲ್ಲ, ಕೆಳಗಿನಿಂದಲೇ ಸಾಲು.

ಚರ್ಚಿನಿಂದ ಇಳಿದರೆ ಬ್ಯಾಂಡ್‌ಸ್ಟ್ಯಾಂಡ್. ಎಡಕ್ಕೆ, ಲ್ಯಾಂಡ್ಸ್ ಎಂಡ್ ತುದಿಯಲ್ಲಿ ಬಾಂದ್ರಾ ಕೋಟೆ. ಪೋರ್ಚುಗೀಸರು 1640ರಲ್ಲಿ ಕಟ್ಟಿದ ಇದರ ಹೆಸರು ಕಾಸ್ತೆಲಾ ದೆ ಅಗುವಾದಾ. ಅಗುವಾದಾ ಅಂದರೆ ಹಡಗುಗಳು ಸಿಹಿನೀರು ತುಂಬಿಕೊಳ್ಳುವ ತಾಣ. ಉಳಿದಿರುವುದು ಗೋಡೆ, ಬಾಗಿಲು, ಸ್ವಲ್ಪ ಬುರುಜು ಮಾತ್ರ. ಆದರೆ ಜಾಗ ಆರಿಸಿದವರ ಕಣ್ಣನ್ನು ಮೆಚ್ಚಲೇಬೇಕು. ಇಲ್ಲಿ ನಿಂತರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಇನ್ನೊಂದು ಪಕ್ಕಕ್ಕೆ ಮಾಹಿಮ್ ಕೊಲ್ಲಿ, ಮುಂದೆ ವರಳಿಯವರೆಗೆ ಚಾಚಿದ ಸೀ ಲಿಂಕ್. 2009ರ ಜೂನ್ 30ರಂದು ತೆರೆದ ಈ 5.6 ಕಿಲೋಮೀಟರ್ ಸೇತುವೆಯ ಮೇಲೆ ನಡೆಯಲು ಬಿಡುವುದಿಲ್ಲ, ಬೈಕು, ಆಟೋಗಳಿಗೂ ಪ್ರವೇಶವಿಲ್ಲ. ಹಾಗಾಗಿ ಬಾಡಿಗೆ ಬೈಕಿನಲ್ಲಿ ಸೀ ಲಿಂಕ್ ಮೇಲೆ ಹೋಗಿಬರುತ್ತೇವೆ ಎಂಬ ಯೋಜನೆ ನಡೆಯದು. ಸೇತುವೆಯ ತಂತಿಗಳ ಮೇಲೆ ಇಳಿಬಿಸಿಲು ಬೀಳುವುದನ್ನು ಕೋಟೆಯಿಂದಲೇ ನೋಡಬೇಕು. ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚೆ ಇಲ್ಲಿಗೆ ತಲುಪುವಂತೆ ನೋಡಿಕೊಳ್ಳಿ, ಕತ್ತಲಾದ ಮೇಲೆ ಕಲ್ಲುದಾರಿಯಲ್ಲಿ ಇಳಿಯುವುದು ಕಷ್ಟ.

ಕೋಟೆಯಿಂದ ವಾಪಸ್ ಉತ್ತರಕ್ಕೆ ನಡೆದರೆ ನಟ ಶಾರುಖ್ ಖಾನ್ ಮನೆ ಮನ್ನತ್. ಶಾರುಖ್ ಖಾನ್ ಹುಟ್ಟುಹಬ್ಬ ನವೆಂಬರ್ 2. ಆ ದಿನವೂ ಈದ್ ದಿನವೂ ಈ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೇರೆ ದಿನ ಗೇಟಿನ ಮುಂದೆ ಒಂದು ಫೋಟೋ ತೆಗೆದುಕೊಂಡು ಮುಂದೆ ಹೋಗಿ, ಕಾಯುತ್ತಾ ನಿಲ್ಲುವುದರಲ್ಲಿ ಏನೂ ಇಲ್ಲ.

ಬ್ಯಾಂಡ್‌ಸ್ಟ್ಯಾಂಡ್ ಮತ್ತು ಕಾರ್ಟರ್ ರೋಡ್ ಎರಡೂ ಸಮುದ್ರದ ದಂಡೆಯವೇ ಆದರೂ ಕಟ್ಟೆ ಹಿಡಿದು ಒಂದರಿಂದ ಒಂದಕ್ಕೆ ಹೋಗಲು ಆಗುವುದಿಲ್ಲ. ಮ್ಯಾಪಿನಲ್ಲಿ ನೋಡಿ ಮೋಸಹೋಗುವುದು ಇಲ್ಲೇ. ನಡುವೆ ಚಿಂಬಾಯ್ ಎಂಬ ಮೀನುಗಾರರ ಹಳ್ಳಿಯಿದೆ. 1575ರಲ್ಲಿ ಸ್ಥಾಪನೆಯಾದ ಸೇಂಟ್ ಆಂಡ್ರ್ಯೂಸ್ ಚರ್ಚಿನ ಬಳಿಯಿಂದ ಚಿಂಬಾಯ್ ರಸ್ತೆ ಹಿಡಿದರೆ ಹಳ್ಳಿಯ ಮಗ್ಗುಲಲ್ಲೇ ನಡೆದು ಜಾಗರ್ಸ್ ಪಾರ್ಕ್ ಬಳಿ ಹೊರಬೀಳುತ್ತೀರಿ, ಅಲ್ಲಿಂದ ಕಾರ್ಟರ್ ರೋಡ್. ಕಿರಿದಾದ ರಸ್ತೆ, ಒಣಮೀನಿನ ವಾಸನೆ, ಮನೆಯ ಮುಂದೆ ಬಲೆ, ಹತ್ತು ಹೆಜ್ಜೆ ಆಚೆ ಕೋಟಿ ಬೆಲೆಯ ಫ್ಲ್ಯಾಟು. ಬಾಂದ್ರಾ ಅಂದರೆ ಏನೆಂದು ತಿಳಿಯುವುದು ಈ ಅರ್ಧ ಕಿಲೋಮೀಟರಿನಲ್ಲಿ.

ಯಾಕೆಂದರೆ ಈ ಶ್ರೀಮಂತ ಬಡಾವಣೆ ಹುಟ್ಟಿದ್ದೇ ಹಳ್ಳಿಗಳ ನಡುವೆ. ಪಾಖಾಡಿ ಎಂದು ಕರೆಯುವ 24 ಕೇರಿಗಳಿದ್ದವು ಎನ್ನುತ್ತಾರೆ. ಅವುಗಳಲ್ಲಿ ರಣವಾರ್ ಇನ್ನೂ ಚೆನ್ನಾಗಿ ಉಳಿದಿದೆ. ಹಿಲ್ ರೋಡಿನಿಂದ ಒಳಗೆ ವರೋಡಾ ರೋಡ್, ವೆರೋನಿಕಾ ಸ್ಟ್ರೀಟ್ ಕಡೆ ತಿರುಗಿದರೆ ಮರದ ಕಟಕಟೆಯ ಬಾಲ್ಕನಿ, ಹೊರಮೆಟ್ಟಿಲು, ಹೆಂಚಿನ ಸೂರಿನ ಮನೆಗಳು ಕಾಣುತ್ತವೆ. ಇಲ್ಲಿಯ ಮೂಲನಿವಾಸಿಗಳು ಈಸ್ಟ್ ಇಂಡಿಯನ್ ಕ್ರೈಸ್ತರು, ಮನೆಮಾತು ಮರಾಠಿಯದೇ ಒಂದು ಬಗೆ. ಮುಂಬೈಯವರು ‘ಈಸ್ಟ್’ ಹೇಗಾದರು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬ್ರಿಟಿಷರ ನೌಕರಿಗೆ ಗೋವಾ ಮತ್ತು ನಮ್ಮ ಮಂಗಳೂರು ಕಡೆಯಿಂದ ಬಂದ ಕ್ರೈಸ್ತರಿಂದ ತಮ್ಮನ್ನು ಬೇರೆಯಾಗಿ ಗುರುತಿಸಿಕೊಳ್ಳಲು ಅವರು 1887ರಲ್ಲಿ ಸಂಘ ಕಟ್ಟಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರಿನಿಂದ ಆ ಹೆಸರು ಇಟ್ಟುಕೊಂಡರು. ಓಣಿಗಳ ಮೂಲೆಯಲ್ಲಿ ಕಾಣುವ ಕಲ್ಲಿನ ಶಿಲುಬೆಗಳಲ್ಲಿ ಹಲವು 1896ರ ಪ್ಲೇಗಿನ ಕಾಲದವು, ರೋಗ ಊರೊಳಗೆ ಬಾರದಿರಲಿ ಎಂದು ನಿಲ್ಲಿಸಿದವು. ಫೋಟೋ ತೆಗೆಯುವವರು ಗಮನಿಸಿ, ಇವು ಜನ ವಾಸವಿರುವ ಮನೆಗಳು. ಮೆಟ್ಟಿಲ ಮೇಲೆ ಕೂತು ಪೋಸು ಕೊಡುವುದು, ಕಿಟಕಿಯೊಳಗೆ ಕ್ಯಾಮೆರಾ ತೂರಿಸುವುದು ಬೇಡ. ಕೇಳಿದರೆ ಸಂತೋಷದಿಂದ ಒಪ್ಪುತ್ತಾರೆ. ಗೋಡೆಚಿತ್ರಗಳಿಗಾಗಿ ಪಕ್ಕದ ಚಾಪೆಲ್ ರೋಡ್ ಇದೆ, ಬೆಳಗಿನ ಹೊತ್ತು ಹೋದರೆ ಚಿತ್ರಗಳ ಮುಂದೆ ಬೈಕು ನಿಂತಿರುವುದು ಕಡಿಮೆ.

ಲಿಂಕಿಂಗ್ ರೋಡಿಗೆ ಚಪ್ಪಲಿ ಕೊಳ್ಳಲು ಹೋಗದವರಿಲ್ಲ. ಬೀದಿಬದಿಯ ಅಂಗಡಿಗಳು ಹನ್ನೊಂದರ ನಂತರ ತೆರೆಯುತ್ತವೆ. ಹನ್ನೆರಡರಿಂದ ಮೂರರವರೆಗೆ ಜನ ಕಡಿಮೆ, ಮಾರುವವರಿಗೂ ವ್ಯವಧಾನ ಹೆಚ್ಚು. ಹೇಳಿದ ಬೆಲೆಯ ಅರ್ಧಕ್ಕಿಂತ ಕೆಳಗೆ ಶುರುಮಾಡಿ, ಒಪ್ಪದಿದ್ದರೆ ಮುಂದಕ್ಕೆ ನಡೆಯಿರಿ, ಹಿಂದಿನಿಂದ ಕರೆಯುತ್ತಾರೆ. ಬೆಲೆಗಿಂತ ಮುಖ್ಯ ಮಾಲು. ಚಪ್ಪಲಿಯನ್ನು ಬೆರಳಿನ ಕಡೆ ಬಗ್ಗಿಸಿ ನೋಡಿ. ಅಟ್ಟೆ ಮತ್ತು ಮೇಲ್ಭಾಗದ ನಡುವೆ ಕೂದಲೆಳೆಯಷ್ಟು ಬಿರುಕು ಕಂಡರೂ ಅದು ಬರಿ ಅಂಟಿನ ಮೇಲೆ ನಿಂತಿದೆ, ಮೊದಲ ಮಳೆಗೇ ಬಾಯಿ ಬಿಡುತ್ತದೆ. ಪಟ್ಟಿ ಒಳಗೆ ಸೇರುವ ಜಾಗದಲ್ಲಿ ಹೊಲಿಗೆ ಇದೆಯೇ ನೋಡಿ, ಕಿತ್ತುಬರುವುದು ಅಲ್ಲೇ. ತೊಗಲು ಎಂದರೆ ಕತ್ತರಿಸಿದ ಅಂಚನ್ನು ನೋಡಿ, ನಾರುನಾರಾಗಿದ್ದರೆ ತೊಗಲು, ಬಟ್ಟೆಯ ಪದರ ಕಂಡರೆ ರೆಕ್ಸಿನ್. ತೂಗುಹಾಕಿದ ಒಂಟಿ ಚಪ್ಪಲಿ ಬಿಸಿಲಿಗೆ ಮಂಕಾಗಿರುತ್ತದೆ, ಅದರ ಜೋಡಿ ಚೀಲದೊಳಗಿಂದ ಬರುತ್ತದೆ. ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟು ಬಣ್ಣ, ನಂಬರು ಹೋಲಿಸಿ, ಎರಡೂ ಕಾಲಿಗೆ ಹಾಕಿ ನಾಲ್ಕು ಹೆಜ್ಜೆ ನಡೆಯಿರಿ. ಮನೆಗೆ ಬಂದ ಮೇಲೆ ಬದಲಾಯಿಸಿಕೊಡುವವರಿಲ್ಲ.

ಊಟತಿಂಡಿಗೆ ಬಾಂದ್ರಾದಲ್ಲಿ ಬರವಿಲ್ಲ. ಎಲ್ಕೋದ ಪಾನಿಪುರಿ, ಎಸ್.ವಿ. ರೋಡ್ ಮೂಲೆಯ ಲಕ್ಕಿಯ ಬಿರಿಯಾನಿ, ಹಿಲ್ ರೋಡಿನ ಬೇಕರಿಗಳ ಬಿಸಿ ಪಾವ್ ಇಷ್ಟು ಸಾಕು. ಲಕ್ಕಿ ಆಟೋದವರಿಗೆ ಹೇಳಲು ಒಳ್ಳೆಯ ಗುರುತೂ ಹೌದು. ಮುಂಬೈಯ ಹೋಟೆಲುಗಳ ಗಲ್ಲಾದಲ್ಲಿ ತುಳು, ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಪಡಬೇಡಿ. ಧೈರ್ಯವಾಗಿ ಕನ್ನಡದಲ್ಲೇ ದಾರಿ ಕೇಳಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಕೊಡೆಯ ಬದಲು ಮಳೆಕೋಟು ಒಯ್ಯಿರಿ, ಕಡಲಗಾಳಿಗೆ ಕೊಡೆ ಹಿಂದುಮುಂದಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಮರುದಿನಗಳಲ್ಲಿ ಭರತ ನಾಲ್ಕೂವರೆ ಮೀಟರ್ ದಾಟುವುದುಂಟು. ಅದೇ ಹೊತ್ತಿಗೆ ಜೋರು ಮಳೆಯೂ ಬಂದರೆ ಚರಂಡಿಯ ನೀರು ಸಮುದ್ರಕ್ಕೆ ಹೋಗಲಾರದೆ ರಸ್ತೆಯಲ್ಲೇ ನಿಲ್ಲುತ್ತದೆ. ಅಂಥ ಮಧ್ಯಾಹ್ನ ಕಡಲ ದಂಡೆಯ ಆಸೆ ಬಿಟ್ಟು ರಣವಾರ್ ಕಡೆ ಇರಿ.

ಸಂಜೆ ಕಾರ್ಟರ್ ರೋಡಿನ ಉತ್ತರದ ತುದಿಯಲ್ಲಿ ಮುಗಿಸಿದರೆ ವಾಪಸಾತಿಗೆ ಬಾಂದ್ರಾ ನಿಲ್ದಾಣಕ್ಕೇ ಹೋಗಬೇಕೆಂದಿಲ್ಲ. ಖಾರ್ ರೋಡ್ ಹತ್ತಿರ, ಆಟೋದವರೂ ಬೇಗ ಒಪ್ಪುತ್ತಾರೆ. ಅಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ. ಆ ಹೊತ್ತಿಗೆ ಜನರೆಲ್ಲ ಉತ್ತರಕ್ಕೆ ಹೋಗುವವರು. ಚರ್ಚ್‌ಗೇಟ್ ಕಡೆಯ ಗಾಡಿಯಲ್ಲಿ ಕಿಟಕಿ ಪಕ್ಕದ ಜಾಗವೇ ಸಿಗುವ ಸಾಧ್ಯತೆ ಹೆಚ್ಚು. ಬಲಬದಿಯ ಕಿಟಕಿಗೆ ಕೂತರೆ, ಬಾಂದ್ರಾ ಬಿಟ್ಟು ಮಾಹಿಮ್ ಖಾರಿ ದಾಟುವಾಗ ನೀರು ಏರಿದೆಯೋ ಇಳಿದಿದೆಯೋ ಇನ್ನೊಮ್ಮೆ ಕಾಣಬಹುದು.